ಮೆದುಳಿನ ಗಡ್ಡೆ: ವರದಿಯ ಪದಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಎಂಆರ್‌ಐ ವರದಿಯಲ್ಲಿ ‘ಸ್ಪೇಸ್ ಆಕ್ಯುಪೈಯಿಂಗ್ ಲೀಶನ್’ ಎಂಬ ಮೂರು ಪದಗಳನ್ನು ಕಂಡ ಮನೆಯವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಅದರ ಅರ್ಥ ಹುಡುಕುವುದು. ಸ್ವಲ್ಪ ಹೊತ್ತಿನಲ್ಲೇ ಅವರು ಮೆದುಳಿನ ಅತಿ ಉಗ್ರ ಕ್ಯಾನ್ಸರ್‌ಗಳಲ್ಲಿ ಒಂದಾದ ಗ್ಲಿಯೋಬ್ಲಾಸ್ಟೋಮಾದವರೆಗೆ ಹೋಗಿ ಮುಟ್ಟಿರುತ್ತಾರೆ. ಆದರೆ ಆ ಮೂರು ಪದಗಳು ಹೇಳುವುದು ಇಷ್ಟೇ: ತಲೆಬುರುಡೆಯೊಳಗೆ ಇರಬಾರದ ಏನೋ ಒಂದು ಜಾಗ ಹಿಡಿದು ಕುಳಿತಿದೆ. ಅದು ಗಡ್ಡೆಯಾಗಿರಬಹುದು. ಕೀವು ತುಂಬಿದ ಬಾವು, ಕ್ಷಯರೋಗದ ಗಂಟು, ಲಾಡಿಹುಳುವಿನ ಮರಿ ಸೇರಿಕೊಂಡ ಚೀಲ, ಹೆಪ್ಪುಗಟ್ಟಿದ ರಕ್ತ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಗಡ್ಡೆಯೇ ಎಂದು ಖಚಿತವಾದರೂ ಯಾವ ಗಡ್ಡೆ ಎಂಬುದು ಬೇರೆಯೇ ಪ್ರಶ್ನೆ. ಮೆದುಳು ಮತ್ತು ಬೆನ್ನುಹುರಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಗಡ್ಡೆಗಳು ಹುಟ್ಟುತ್ತವೆ.

ಮೆದುಳಿನ ಗಡ್ಡೆಯ ಪೂರ್ತಿ ಹೆಸರು ಒಂದೇ ದಿನ, ಒಂದೇ ಪರೀಕ್ಷೆಯಿಂದ ಹುಟ್ಟುವುದಿಲ್ಲ. ಎಲ್ಲಿದೆ ಎಂಬುದನ್ನು ಸ್ಕ್ಯಾನ್ ಹೇಳುತ್ತದೆ. ಯಾವ ಕೋಶದಿಂದ ಬಂದಿದೆ, ಎಷ್ಟು ಚುರುಕಾಗಿ ಬೆಳೆಯುತ್ತಿದೆ ಎಂಬುದನ್ನು ಸೂಕ್ಷ್ಮದರ್ಶಕ ಹೇಳುತ್ತದೆ. ಅದರೊಳಗಿನ ವಂಶವಾಹಿಗಳಲ್ಲಿ ಏನು ಕೆಟ್ಟಿದೆ ಎಂಬ ಉತ್ತರ ಇನ್ನೂ ಕೆಲವು ವಾರ ತಡವಾಗಿ ಬರುತ್ತದೆ. ಇವುಗಳಲ್ಲಿ ಒಂದನ್ನು ಹಿಡಿದುಕೊಂಡು ಉಳಿದವನ್ನು ಊಹಿಸುವುದೇ ಹೆಚ್ಚಿನ ಗೊಂದಲಕ್ಕೆ ಮೂಲ. ಸ್ತನದ ಅಥವಾ ಕರುಳಿನ ಕ್ಯಾನ್ಸರ್‌ನಿಂದ ನಾವು ಕಲಿತ ಮಾತುಗಳನ್ನು ಇಲ್ಲಿಗೆ ತಂದು ಅಂಟಿಸುವುದು ಇನ್ನೊಂದು ಮೂಲ.

ಸ್ಕ್ಯಾನ್ ವರದಿಯ ಮಾತುಗಳು

ವಯಸ್ಕರ ತಲೆಬುರುಡೆಯ ಒಳಗಿನ ಜಾಗ ಸುಮಾರು ಒಂದೂವರೆ ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಮೆದುಳಿನದು. ಉಳಿದದ್ದು ರಕ್ತ ಮತ್ತು ಸುಮಾರು 150 ಮಿಲಿಲೀಟರ್ ಮೆದುಳುಬಳ್ಳಿ ದ್ರವ. ಬುರುಡೆ ಹಿಗ್ಗುವುದಿಲ್ಲ. ಹೊಸದೊಂದು ವಸ್ತು ಒಳಗೆ ಬೆಳೆದರೆ ಇರುವವುಗಳಲ್ಲಿ ಯಾವುದಾದರೊಂದು ಜಾಗ ಬಿಡಬೇಕು. ಮೊದಲು ದ್ರವ, ಆಮೇಲೆ ಅಭಿಧಮನಿಗಳ ರಕ್ತ ಪಕ್ಕಕ್ಕೆ ಸರಿದು ಕೊಂಚ ಕಾಲ ಸಮತೋಲ ಕಾಯುತ್ತವೆ. ಅವುಗಳ ಮಿತಿ ಮೀರಿದ ಮೇಲೆ ಒಳಗಿನ ಒತ್ತಡ ದಿಢೀರನೆ ಏರುತ್ತದೆ. ನಿಧಾನವಾಗಿ ಬೆಳೆದ ಗಡ್ಡೆ ನಿಂಬೆಹಣ್ಣಿನ ಗಾತ್ರ ದಾಟಿದ ಮೇಲೂ ಸುಮ್ಮನಿರುವುದು, ಬೇಗ ಬೆಳೆದ ಸಣ್ಣ ಗಡ್ಡೆ ಒಂದೇ ವಾರದಲ್ಲಿ ವಾಂತಿ, ಮಂಪರು ತರುವುದು ಎರಡೂ ಈ ಕಾರಣದಿಂದಲೇ.

ಇದನ್ನು ತಿಳಿದುಕೊಂಡರೆ ವರದಿಯ ಅರ್ಧ ಮಾತುಗಳು ತಾವಾಗಿ ಅರ್ಥವಾಗುತ್ತವೆ. ‘ಎಡಿಮಾ’ ಎಂದರೆ ಗಡ್ಡೆಯ ಸುತ್ತ ನೀರು ತುಂಬಿ ಬಂದ ಊತ. ‘ಮಾಸ್ ಎಫೆಕ್ಟ್’ ಎಂದರೆ ಗಡ್ಡೆಯೂ ಊತವೂ ಸೇರಿ ಪಕ್ಕದ ಭಾಗಗಳನ್ನು ಒತ್ತುತ್ತಿವೆ ಎಂದು. ‘ಮಿಡ್‌ಲೈನ್ ಶಿಫ್ಟ್’ ಎಂದರೆ ಎಡ-ಬಲ ಅರ್ಧಗೋಳಗಳ ನಡುವಿನ ಗೆರೆ ಇಷ್ಟು ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಎಂದು. ದ್ರವ ಹರಿಯುವ ದಾರಿ ಮುಚ್ಚಿ ಒಳಗಿನ ಕೋಣೆಗಳು ಉಬ್ಬಿದರೆ ಅದು ‘ಹೈಡ್ರೋಸೆಫಾಲಸ್’. ಇವು ಯಾವುವೂ ಗಡ್ಡೆಯ ಜಾತಿಯನ್ನು ಹೇಳುವುದಿಲ್ಲ. ಎಷ್ಟು ಬೇಗ ಕೈಹಾಕಬೇಕು ಎಂಬುದನ್ನು ಹೇಳುತ್ತವೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನಗಳಲ್ಲಿ ರೋಗಿ ಎದ್ದು ಕುಳಿತು ಮಾತನಾಡುವುದುಂಟು. ಅಲ್ಲಿ ಸಾಮಾನ್ಯವಾಗಿ ಇಳಿದಿರುವುದು ಊತ, ಗಡ್ಡೆಯಲ್ಲ. ಒಂದು ಮುಖ್ಯ ಅಪವಾದವಿದೆ: ಬಿಳಿ ರಕ್ತಕಣಗಳಿಂದ ಹುಟ್ಟುವ ಮೆದುಳಿನ ಲಿಂಫೋಮಾ ಸ್ಟೀರಾಯ್ಡ್‌ಗೆ ನಿಜವಾಗಿಯೂ ಕರಗುತ್ತದೆ, ಆಮೇಲೆ ಬಯಾಪ್ಸಿ ಮಾಡಿದರೆ ಏನೂ ಸಿಗದೆ ಹೋಗಬಹುದು. ಲಿಂಫೋಮಾದ ಅನುಮಾನವಿದ್ದಾಗ, ಪರಿಸ್ಥಿತಿ ತಾಳುವಂತಿದ್ದರೆ, ವೈದ್ಯರು ಬಯಾಪ್ಸಿ ಮುಗಿಯುವವರೆಗೆ ಸ್ಟೀರಾಯ್ಡ್ ತಡೆಹಿಡಿಯುವುದು ಇದಕ್ಕೇ.

ಹೆಚ್ಚು ಹೆದರಿಸುವ ಪದ ‘ಎನ್‌ಹಾನ್ಸ್‌ಮೆಂಟ್’. ರಕ್ತನಾಳಕ್ಕೆ ಗ್ಯಾಡೋಲಿನಿಯಂ ಇರುವ ಔಷಧ ಚುಚ್ಚಿ ಎಂಆರ್‌ಐ ತೆಗೆದಾಗ ಗಡ್ಡೆ ಬೆಳ್ಳಗೆ ಹೊಳೆಯಿತೇ ಎಂಬುದು ಅದರ ಅರ್ಥ. ಆರೋಗ್ಯವಾಗಿರುವ ಮೆದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಆ ಔಷಧವನ್ನು ಹೊರಗೆ ಸೋರಲು ಬಿಡುವುದಿಲ್ಲ. ಗೋಡೆ ಒಡೆದಿರುವಲ್ಲಿ ಅಥವಾ ಆ ಬಿಗಿ ಗೋಡೆಯೇ ಇಲ್ಲದ ಅಂಗಾಂಶದಲ್ಲಿ ಮಾತ್ರ ಅದು ಸೋರಿ ಹೊಳೆಯುತ್ತದೆ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ: ಮೆದುಳಿನ ಹೊದಿಕೆಯಲ್ಲಿ ಹುಟ್ಟುವ, ಬಹುಪಾಲು ಸೌಮ್ಯವಾದ ಮೆನಿಂಜಿಯೋಮಾ ಝಗಝಗಿಸುತ್ತದೆ. ನರಕೋಶಗಳ ಆಸರೆಯ ಕೋಶಗಳನ್ನು ಹೋಲುವ ಗ್ಲಿಯೋಮಾ ಕೆಳದರ್ಜೆಯದಾಗಿ ಮೆದುಳಿನೊಳಗೆ ಹರಡಿಕೊಂಡಿದ್ದರೆ ಎಷ್ಟೋ ಸಲ ಹೊಳೆಯುವುದೇ ಇಲ್ಲ. ಅಂಚು ಮಾತ್ರ ಹೊಳೆದು ನಡುವೆ ಕಪ್ಪಾಗಿದ್ದರೆ ‘ರಿಂಗ್ ಎನ್‌ಹಾನ್ಸಿಂಗ್’ ಎನ್ನುತ್ತಾರೆ. ಗ್ಲಿಯೋಬ್ಲಾಸ್ಟೋಮಾ ಹಾಗೆ ಕಾಣುತ್ತದೆ, ಕೀವಿನ ಬಾವೂ, ಕ್ಷಯದ ಗಂಟೂ ಹಾಗೆಯೇ ಕಾಣುತ್ತವೆ.

ತಲೆನೋವಿನ ಬಗ್ಗೆ ಒಂದು ಮಾತು. ಬರೀ ತಲೆನೋವು, ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ, ಗಡ್ಡೆಯಿಂದ ಬಂದಿರುವುದು ತೀರ ಅಪರೂಪ. ವಯಸ್ಕರಲ್ಲಿ ಜೀವನದಲ್ಲಿ ಮೊದಲ ಬಾರಿ ಬಂದ ಫಿಟ್ಸ್, ದಿನೇ ದಿನೇ ಹೆಚ್ಚುವ ಒಂದು ಕಡೆಯ ಕೈಕಾಲಿನ ಬಲಹೀನತೆ, ಮಾತು ತಡವರಿಸುವುದು, ಸ್ವಭಾವವೇ ಬದಲಾಗುವುದು, ಬೆಳಗಿನ ಹೊತ್ತು ವಾಂತಿಯೊಂದಿಗೆ ಬಂದು ವಾರದಿಂದ ವಾರಕ್ಕೆ ಏರುವ ತಲೆನೋವು ಇಂಥವು ಸ್ಕ್ಯಾನ್ ಬೇಡುತ್ತವೆ.

ಇಲ್ಲೇ ಹುಟ್ಟಿದ್ದೋ, ಬೇರೆಡೆಯಿಂದ ಬಂದದ್ದೋ

ವಯಸ್ಕರ ಮೆದುಳಿನಲ್ಲಿ ಕಾಣುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಮೆದುಳಿನವೇ ಅಲ್ಲ. ಶ್ವಾಸಕೋಶ, ಸ್ತನ, ಮೂತ್ರಪಿಂಡ, ಚರ್ಮದ ಮೆಲನೋಮಾ ಇವುಗಳ ಕೋಶಗಳು ರಕ್ತದಲ್ಲಿ ತೇಲಿ ಬಂದು ಇಲ್ಲಿ ನೆಲೆಯೂರಿದವು. ಅವಕ್ಕೆ ‘ಸೆಕೆಂಡರಿ’ ಅಥವಾ ‘ಮೆಟಾಸ್ಟಾಸಿಸ್’ ಎಂದು ಹೆಸರು. ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಬಂದರೆ ಅದು ಮೆದುಳಿನಲ್ಲಿರುವ ಶ್ವಾಸಕೋಶದ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ಅದು ಶ್ವಾಸಕೋಶದ ಕೋಶದಂತೆಯೇ ಕಾಣುತ್ತದೆ, ಔಷಧದ ಆಯ್ಕೆಯೂ ಅದಕ್ಕೆ ತಕ್ಕಂತೆ ನಡೆಯುತ್ತದೆ. ತಲೆಯ ಸ್ಕ್ಯಾನ್ ನೋಡಿದ ವೈದ್ಯರು ಎದೆ ಮತ್ತು ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟಾಗ ‘ತಲೆಯ ರೋಗಕ್ಕೆ ಹೊಟ್ಟೆ ಯಾಕೆ’ ಎಂದು ಗೊಣಗುವ ಮುನ್ನ ಇದು ನೆನಪಿರಲಿ.

ಮೆದುಳಿನಲ್ಲೇ ಹುಟ್ಟಿದ ‘ಪ್ರೈಮರಿ’ ಗಡ್ಡೆಗಳ ನಡತೆ ಇದಕ್ಕೆ ತಿರುಗುಮುರುಗು. ಅತಿ ಉಗ್ರವಾದವೂ ಮೆದುಳು-ಬೆನ್ನುಹುರಿ ಬಿಟ್ಟು ಯಕೃತ್ತಿಗೋ ಮೂಳೆಗೋ ಹೋಗುವುದು ಬಹಳ ವಿರಳ. ಆದುದರಿಂದ ‘ಯಾವ ಸ್ಟೇಜ್?’ ಎಂಬ ನೆಂಟರ ಪ್ರಶ್ನೆಗೆ ಇಲ್ಲಿ ಸಾಮಾನ್ಯವಾಗಿ ಉತ್ತರವಿಲ್ಲ. ಸ್ಟೇಜ್ ಎಂದರೆ ರೋಗ ದೇಹದಲ್ಲಿ ಎಷ್ಟು ದೂರ ಹರಡಿದೆ ಎಂಬ ಅಳತೆ. ಮೆದುಳಿನ ಗಡ್ಡೆಗೆ ಇರುವುದು ಗ್ರೇಡ್, ಅಂದರೆ ಕೋಶಗಳ ಉಗ್ರತೆಯ ಅಳತೆ. ಗ್ರೇಡ್ 4 ಎಂದು ಓದಿ ‘ನಾಲ್ಕನೇ ಸ್ಟೇಜ್, ಎಲ್ಲ ಕಡೆ ಹರಡಿದೆ’ ಎಂದು ಊರಿಗೆಲ್ಲ ಹೇಳುವವರಿದ್ದಾರೆ, ಎರಡಕ್ಕೂ ಸಂಬಂಧವಿಲ್ಲ. ಮಕ್ಕಳ ಕಿರುಮೆದುಳಿನಲ್ಲಿ ಹುಟ್ಟುವ ಮೆಡುಲ್ಲೋಬ್ಲಾಸ್ಟೋಮಾದಂಥ ಕೆಲವು ಗಡ್ಡೆಗಳು ಮಾತ್ರ ದ್ರವದ ಮೂಲಕ ಬೆನ್ನುಹುರಿಯ ಉದ್ದಕ್ಕೂ ಹರಡಬಲ್ಲವು. ಅಲ್ಲಿ ಬೆನ್ನಿನ ಎಂಆರ್‌ಐ, ದ್ರವದ ಪರೀಕ್ಷೆ ಮಾಡಿ ಹರಡಿಕೆಯನ್ನು ಅಳೆಯುತ್ತಾರೆ.

‘ಬಿನೈನ್’ ಎಂಬ ಅರ್ಧ ಸಮಾಧಾನ

ಚರ್ಮದ ಮೇಲಿನ ಕೊಬ್ಬಿನ ಗಂಟು ಸೌಮ್ಯ ಎಂದರೆ ಮರೆತುಬಿಡಬಹುದು. ತಲೆಬುರುಡೆಯೊಳಗೆ ಸೌಮ್ಯ ಎಂಬರ್ಥದ ‘ಬಿನೈನ್’ ಎಂಬ ಪದ ಅಷ್ಟು ದೊಡ್ಡ ಭರವಸೆ ಕೊಡಲಾರದು. ಕ್ರೇನಿಯೋಫ್ಯಾರಿಂಜಿಯೋಮಾ ಗ್ರೇಡ್ 1ರ ಗಡ್ಡೆ. ಆದರೆ ಅದು ಬೆಳೆಯುವುದು ಪಿಟ್ಯುಟರಿ ಗ್ರಂಥಿ, ಕಣ್ಣಿನ ನರ, ಹಸಿವು-ಬಾಯಾರಿಕೆಗಳನ್ನು ನಿಯಂತ್ರಿಸುವ ಹೈಪೋಥಲಾಮಸ್ ಮೂರೂ ಒತ್ತೊತ್ತಾಗಿರುವ ಜಾಗದಲ್ಲಿ. ಪೂರ್ತಿ ಕಿತ್ತರೆ ಜೀವನಪೂರ್ತಿ ಹಾರ್ಮೋನಿನ ಕೊರತೆಯಾಗಬಹುದು, ಬಿಟ್ಟರೆ ಕಣ್ಣು ಹೋಗಬಹುದು. ಇದನ್ನು ಸೌಮ್ಯ ಎನ್ನಲು ಬಾಯಿ ಬರುವುದಿಲ್ಲ.

ಇನ್ನೊಂದು ದಿಕ್ಕಿನಿಂದಲೂ ಪದ ಮೋಸ ಮಾಡುತ್ತದೆ. ಮೆಡುಲ್ಲೋಬ್ಲಾಸ್ಟೋಮಾಕ್ಕೆ ಗ್ರೇಡ್ 4 ಎಂದೇ ಬರೆಯುತ್ತಾರೆ. ಆದರೆ ಅದರೊಳಗಿನ ಡಬ್ಲ್ಯುಎನ್‌ಟಿ ಎಂಬ ಗುಂಪಿಗೆ ಸೇರಿದ ಮಕ್ಕಳಲ್ಲಿ ಬಹುತೇಕರು ಚಿಕಿತ್ಸೆಯಿಂದ ಗುಣವಾಗುತ್ತಾರೆ. ಗ್ರೇಡ್ ಹೇಳುವುದು ಚಿಕಿತ್ಸೆಯಿಲ್ಲದಿದ್ದರೆ ಆ ಕೋಶಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು. ಚಿಕಿತ್ಸೆಗೆ ಬಗ್ಗುತ್ತವೆಯೇ ಎಂಬುದು ಬೇರೆ ಮಾತು.

ಸೌಮ್ಯ ಗಡ್ಡೆಗಳಲ್ಲಿ ಹೆಚ್ಚು ಕಾಣಿಸುವುದು ಮೆನಿಂಜಿಯೋಮಾ. ವಯಸ್ಕರ ತಲೆಬುರುಡೆಯೊಳಗೆ ಹುಟ್ಟುವ ಗಡ್ಡೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇದೇ, ಮಹಿಳೆಯರಲ್ಲಿ ಜಾಸ್ತಿ. ಬೇರೆ ಕಾರಣಕ್ಕೆ ತೆಗೆಸಿದ ಸ್ಕ್ಯಾನ್‌ನಲ್ಲಿ ಸಣ್ಣದೊಂದು ಕಂಡರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಎಂದು ವೈದ್ಯರು ಹೇಳುವುದು ಅಲಕ್ಷ್ಯದಿಂದಲ್ಲ. ಪಿಟ್ಯುಟರಿ ಗಡ್ಡೆಗಳಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಸುರಿಸುವ ಬಗೆಯನ್ನು ಬಹಳ ಮಟ್ಟಿಗೆ ಮಾತ್ರೆಯಿಂದಲೇ ಕುಗ್ಗಿಸಬಹುದು. ಕಿವಿಯ ನರದ ಬಳಿ ಬೆಳೆಯುವ ವೆಸ್ಟಿಬ್ಯುಲರ್ ಶ್ವಾನ್ನೋಮಾ ಕೂಡ ಸೌಮ್ಯವೇ. ಹಳೆಯ ಕಾಗದಗಳಲ್ಲಿ ಅದನ್ನು ಅಕೌಸ್ಟಿಕ್ ನ್ಯೂರೋಮಾ ಎಂದು ಬರೆದಿರುತ್ತಾರೆ.

ಕೋಶದ ಹೆಸರು, ಗ್ರೇಡು, ವಂಶವಾಹಿ

ಯೋಚನೆ, ನೆನಪು, ಚಲನೆಗಳ ಕೆಲಸ ನಡೆಸುವ ನರಕೋಶಗಳು ವಯಸ್ಕರಲ್ಲಿ ಹೆಚ್ಚುಕಡಿಮೆ ವಿಭಜನೆಯಾಗುವುದೇ ಇಲ್ಲ, ಹಾಗಾಗಿ ಅವು ಗಡ್ಡೆಯಾಗುವುದೂ ಅಪರೂಪ. ಅವುಗಳಿಗೆ ಆಸರೆ, ಆಹಾರ, ಹೊದಿಕೆ ಒದಗಿಸುವ ಗ್ಲಿಯಾ ಕೋಶಗಳನ್ನು ಹೋಲುವ ಗಡ್ಡೆಗಳೇ ಗ್ಲಿಯೋಮಾ. ಆಸ್ಟ್ರೋಸೈಟ್ ಎಂಬ ಕೋಶವನ್ನು ಹೋಲಿದರೆ ಆಸ್ಟ್ರೋಸೈಟೋಮಾ, ಆಲಿಗೋಡೆಂಡ್ರೋಸೈಟ್ ಅನ್ನು ಹೋಲಿದರೆ ಆಲಿಗೋಡೆಂಡ್ರೋಗ್ಲಿಯೋಮಾ, ದ್ರವದ ಕೋಣೆಗಳ ಒಳಗೋಡೆಯ ಕೋಶವನ್ನು ಹೋಲಿದರೆ ಎಪೆಂಡಿಮೋಮಾ. ಕೋಶದ ರೂಪ ನೋಡಿ ಹೆಸರಿಡುವ ಈ ಪದ್ಧತಿಗೆ ಗಟ್ಟಿ ಬುನಾದಿ ಹಾಕಿದವರು 1926ರಲ್ಲಿ ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಶಿಂಗ್. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ತನ್ನ ಮೊದಲ ವರ್ಗೀಕರಣ ತಂದಿತು. ಈಗ ಬಳಕೆಯಲ್ಲಿರುವುದು 2021ರ ಐದನೆಯ ಆವೃತ್ತಿ.

ಗ್ರೇಡ್ 1ರಿಂದ 4ರವರೆಗೆ ಇದೆ. ವಿಭಜನೆಯಾಗುತ್ತಿರುವ ಕೋಶಗಳು ಎಷ್ಟು, ಹೊಸ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಹುಟ್ಟಿವೆಯೇ, ನಡುವೆ ಅಂಗಾಂಶ ಸತ್ತು ‘ನೆಕ್ರೋಸಿಸ್’ ಆಗಿದೆಯೇ ಎಂದು ರೋಗಶಾಸ್ತ್ರಜ್ಞರು ನೋಡುತ್ತಾರೆ. ಎಷ್ಟು ಕೋಶಗಳು ಬೆಳವಣಿಗೆಯ ಹಾದಿಯಲ್ಲಿವೆ ಎಂಬುದನ್ನು ‘ಕೆಐ-67’ ಎಂದು ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಈ ಅಂಕಿಗಳನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ತಿಳಿಯುವುದು ಸಹಜ, ಆದರೆ ತಪ್ಪು. ಮಕ್ಕಳಲ್ಲಿ ಕಾಣುವ ಗ್ರೇಡ್ 1ರ ಪೈಲೋಸೈಟಿಕ್ ಆಸ್ಟ್ರೋಸೈಟೋಮಾವನ್ನು ಪೂರ್ತಿ ತೆಗೆಯಲು ಸಾಧ್ಯವಾದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ವಯಸ್ಕರ ಗ್ರೇಡ್ 2ರ ಆಸ್ಟ್ರೋಸೈಟೋಮಾ ಅದರ ಮುಂದಿನ ಮೆಟ್ಟಿಲಲ್ಲ, ಬೇರೆಯೇ ರೋಗ. ಅದು ವರ್ಷಗಳ ಮೇಲೆ 3, 4ಕ್ಕೆ ಏರಬಲ್ಲದು, ಪೈಲೋಸೈಟಿಕ್ ಬಗೆ ಹಾಗೆ ಏರುವುದು ವಿರಳ. ಹೆಸರನ್ನು ಬಿಟ್ಟು ಗ್ರೇಡಿನ ಅಂಕಿಯೊಂದನ್ನೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಕಳೆದ ಎರಡು ದಶಕಗಳ ದೊಡ್ಡ ಬದಲಾವಣೆ ವಂಶವಾಹಿಗಳ ಕಡೆಯಿಂದ ಬಂತು. 2008ರಲ್ಲಿ ಕೆಲವು ಗ್ಲಿಯೋಮಾಗಳಲ್ಲಿ ಐಡಿಎಚ್ ಎಂಬ ವಂಶವಾಹಿ ಮಾರ್ಪಟ್ಟಿರುವುದು ಕಂಡುಬಂತು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಎರಡು ಗಡ್ಡೆಗಳಲ್ಲಿ ಈ ಮಾರ್ಪಾಡು ಇರುವುದು ನಿಧಾನವಾಗಿ, ಇಲ್ಲದ್ದು ವೇಗವಾಗಿ ಬೆಳೆಯುತ್ತದೆ ಎಂದು ಗೊತ್ತಾದ ಮೇಲೆ ಬರೀ ರೂಪ ನೋಡಿ ಹೆಸರಿಡುವುದು ಸಾಲದಾಯಿತು. 2016ರ ವರ್ಗೀಕರಣ ಮೊದಲ ಬಾರಿಗೆ ವಂಶವಾಹಿಯನ್ನು ಹೆಸರಿನೊಳಗೇ ಸೇರಿಸಿತು, 2021ರದು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಈಗ ವಯಸ್ಕರ ಹರಡುವ ಗ್ಲಿಯೋಮಾಗಳಲ್ಲಿ ಮೂರೇ ಮುಖ್ಯ ಬಗೆಗಳು. ಐಡಿಎಚ್ ಮಾರ್ಪಟ್ಟಿದ್ದು, 1ಪಿ ಮತ್ತು 19ಕ್ಯೂ ಎಂಬ ವರ್ಣತಂತುವಿನ ತುಂಡುಗಳು ಎರಡೂ ಕಳೆದುಹೋಗಿದ್ದರೆ ಆಲಿಗೋಡೆಂಡ್ರೋಗ್ಲಿಯೋಮಾ. ಐಡಿಎಚ್ ಮಾರ್ಪಟ್ಟಿದ್ದು ಆ ತುಂಡುಗಳು ಉಳಿದಿದ್ದರೆ ಆಸ್ಟ್ರೋಸೈಟೋಮಾ. ಐಡಿಎಚ್ ಸಹಜವಾಗಿದ್ದು ಉಗ್ರತೆಯ ಗುರುತುಗಳಿದ್ದರೆ ಗ್ಲಿಯೋಬ್ಲಾಸ್ಟೋಮಾ. ಅದು ಯಾವಾಗಲೂ ಗ್ರೇಡ್ 4.

ಇದರಿಂದ ಹಳೆಯ ಮತ್ತು ಹೊಸ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವವರು ಕಂಗಾಲಾಗುತ್ತಾರೆ. 2018ರಲ್ಲಿ ‘ಗ್ಲಿಯೋಬ್ಲಾಸ್ಟೋಮಾ, ಐಡಿಎಚ್ ಮ್ಯುಟಂಟ್’ ಎಂದಿದ್ದದ್ದು ಇಂದಿನ ಲೆಕ್ಕದಲ್ಲಿ ‘ಆಸ್ಟ್ರೋಸೈಟೋಮಾ, ಐಡಿಎಚ್ ಮ್ಯುಟಂಟ್, ಗ್ರೇಡ್ 4’. ‘ಅನಾಪ್ಲಾಸ್ಟಿಕ್ ಆಸ್ಟ್ರೋಸೈಟೋಮಾ’ ಎಂಬ ಹೆಸರಿನ ಜಾಗದಲ್ಲಿ ಈಗ ಗ್ರೇಡ್ 3 ಎಂದಷ್ಟೇ ಬರುತ್ತದೆ. ರೋಮನ್ ಅಂಕಿಗಳ ಬದಲು 1, 2, 3, 4 ಬಂದಿವೆ. ಎರಡು ಗೆರೆಗೂ ಮೂರು ಗೆರೆಗೂ ಓದುವಾಗ ಎಡವಟ್ಟಾಗುವುದು ತಪ್ಪಲಿ ಎಂಬ ಸರಳ ಕಾರಣವೂ ಅದರ ಹಿಂದಿದೆ. ರೋಗ ಬದಲಾಗಿಲ್ಲ, ಹೆಸರಿಡುವ ಕ್ರಮ ಬದಲಾಗಿದೆ.

ಎಂಜಿಎಂಟಿ ಎಂಬುದು ಹೆಸರನ್ನು ಬದಲಿಸುವುದಿಲ್ಲ, ಚಿಕಿತ್ಸೆಯ ನಿರೀಕ್ಷೆಯನ್ನು ಬದಲಿಸುತ್ತದೆ. ಆ ವಂಶವಾಹಿ ಕೋಶದ ಡಿಎನ್‌ಎಯನ್ನು ದುರಸ್ತಿ ಮಾಡುವ ಕಿಣ್ವವನ್ನು ತಯಾರಿಸುತ್ತದೆ. ಟೆಮೊಝೊಲೊಮೈಡ್ ಎಂಬ ಕಿಮೋ ಮಾತ್ರೆ ಗಡ್ಡೆಯ ಡಿಎನ್‌ಎಗೆ ಪೆಟ್ಟು ಕೊಟ್ಟರೆ ಈ ಕಿಣ್ವ ಅದನ್ನು ಸರಿಪಡಿಸಿಬಿಡುತ್ತದೆ. ‘ಎಂಜಿಎಂಟಿ ಪ್ರಮೋಟರ್ ಮಿಥೈಲೇಟೆಡ್’ ಎಂದಿದ್ದರೆ ಆ ವಂಶವಾಹಿ ಬಾಯಿ ಮುಚ್ಚಿಕೊಂಡಿದೆ, ಔಷಧಕ್ಕೆ ಹೆಚ್ಚು ಅವಕಾಶವಿದೆ ಎಂದರ್ಥ. ಐಡಿಎಚ್ ಮಾರ್ಪಾಡನ್ನೇ ಗುರಿಯಾಗಿಸಿದ ವೊರಾಸಿಡೆನಿಬ್ ಎಂಬ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಗ್ರೇಡ್ 2ರ ಗಡ್ಡೆಗಳಿಗೆ ಅನುಮತಿ ಕೊಟ್ಟಿತು. ಹೆಸರಿನ ಹಿಂದಿನ ಈ ಅಕ್ಷರಮಾಲೆ ಪಾಂಡಿತ್ಯ ಪ್ರದರ್ಶನವಲ್ಲ. ವರದಿಯ ಕೊನೆಗೆ ‘ಎನ್‌ಒಎಸ್’ ಎಂದಿದ್ದರೆ ಅಗತ್ಯವಾದ ವಂಶವಾಹಿ ಪರೀಕ್ಷೆ ನಡೆದಿಲ್ಲ ಅಥವಾ ಫಲಿಸಿಲ್ಲ ಎಂದು; ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ಬ್ಲಾಕ್ ಪ್ರಯೋಗಾಲಯದಲ್ಲಿರುತ್ತದೆ, ಅದನ್ನು ಪಡೆದು ಬೇರೆಡೆ ಪರೀಕ್ಷೆ ಮಾಡಿಸಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇವು ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಮಾರ್ಪಾಡುಗಳು. ಸಾಮಾನ್ಯವಾಗಿ ಮಕ್ಕಳಿಗೆ ಹರಿದುಬರುವಂಥವಲ್ಲ. ನ್ಯೂರೋಫೈಬ್ರೊಮಟೋಸಿಸ್‌ನಂಥ ಕೆಲವು ವಂಶಪಾರಂಪರ್ಯ ರೋಗಗಳ ಮಾತು ಬೇರೆ.

ಶಸ್ತ್ರಚಿಕಿತ್ಸೆಯ ಆಚೆಗೆ

ಆಪರೇಶನ್ ಕೊಠಡಿಯಿಂದ ಹೊರಬಂದ ವೈದ್ಯರು ‘ಪೂರ್ತಿ ತೆಗೆದಿದ್ದೇವೆ’ ಎನ್ನುತ್ತಾರೆ, ಮರುವಾರ ಅವರೇ ವಿಕಿರಣ ಚಿಕಿತ್ಸೆ, ಕಿಮೋಥೆರಪಿ ಎನ್ನುತ್ತಾರೆ. ಸುಳ್ಳು ಹೇಳಿದರೇ ಎಂದು ಮನೆಯವರಿಗೆ ಅನುಮಾನ. ‘ಗ್ರಾಸ್ ಟೋಟಲ್ ರಿಸೆಕ್ಷನ್’ ಎಂದರೆ ಕಣ್ಣಿಗೆ ಮತ್ತು ಸ್ಕ್ಯಾನಿಗೆ ಕಾಣುವ ಗಡ್ಡೆಯನ್ನೆಲ್ಲ ತೆಗೆದಿದ್ದಾರೆ ಎಂದಷ್ಟೇ. ಮೆನಿಂಜಿಯೋಮಾ ಹೊರಗಿನಿಂದ ಒತ್ತುವ ಗಡ್ಡೆ, ಮೆದುಳಿನಿಂದ ಬಿಡಿಸಿ ತೆಗೆಯಲು ಎಷ್ಟೋ ಸಲ ಸಾಧ್ಯ. ಹರಡುವ ಗ್ಲಿಯೋಮಾ ಗರಿಕೆ ಬೆಳೆದ ಹಾಗೆ ಬೆಳೆಯುತ್ತದೆ. ಮೇಲೆ ಕಂಡ ದಟ್ಟ ಪೊದೆಯನ್ನು ಕಿತ್ತರೂ ಬಿಡಿ ಕೋಶಗಳು ಆರೋಗ್ಯವಂತ ನರತಂತುಗಳ ನಡುವೆ ದೂರದವರೆಗೆ ಹೊಕ್ಕಿರುತ್ತವೆ. ಹೊಟ್ಟೆಯಲ್ಲಾದರೆ ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸಬಹುದಿತ್ತು. ಮಾತಿನ ಕೇಂದ್ರದ ಪಕ್ಕದಲ್ಲಿ ಆ ಐಷಾರಾಮ ಇಲ್ಲ. ಅಂಥ ಜಾಗಗಳಲ್ಲಿ ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತಲೇ ಶಸ್ತ್ರಚಿಕಿತ್ಸೆ ಮಾಡುವುದುಂಟು. ಮೆದುಳಿಗೆ ನೋವಿನ ಅರಿವಿಲ್ಲ, ಚರ್ಮ ಮತ್ತು ಹೊದಿಕೆಗೆ ಅರಿವಳಿಕೆ ಕೊಟ್ಟರೆ ಸಾಕು.

ಸಂಖ್ಯೆಗಳ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಎಲ್ಲರೂ ಮೊದಲು ಹುಡುಕುವುದು ಅದನ್ನೇ. ಗ್ಲಿಯೋಬ್ಲಾಸ್ಟೋಮಾದ ಚಿಕಿತ್ಸೆಗೆ ಇಂದಿಗೂ ತಳಹದಿಯಾಗಿರುವ 2005ರ ಪ್ರಯೋಗದಲ್ಲಿ ವಿಕಿರಣದ ಜೊತೆ ಟೆಮೊಝೊಲೊಮೈಡ್ ಪಡೆದವರ ‘ಮೀಡಿಯನ್ ಸರ್ವೈವಲ್’ 14.6 ತಿಂಗಳು, ವಿಕಿರಣ ಮಾತ್ರ ಪಡೆದವರದು 12.1 ತಿಂಗಳು. ಹದಿನೈದನೇ ತಿಂಗಳಿಗೆ ಎಲ್ಲರ ಕಥೆ ಮುಗಿಯಿತು ಎಂದಲ್ಲ. ಅರ್ಧದಷ್ಟು ಜನ ಅದಕ್ಕಿಂತ ಮೊದಲು, ಇನ್ನರ್ಧ ಜನ ಅದರ ನಂತರ ಎಂದು. ಅದೇ ಪ್ರಯೋಗದಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 26ಕ್ಕಿಂತ ಹೆಚ್ಚು, ಇನ್ನೊಂದರಲ್ಲಿ ಸುಮಾರು 10. ರೋಗ ಕಠಿಣವಾದದ್ದು, ಅದನ್ನು ಮೆದುಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ವಯಸ್ಸು, ಎಂಜಿಎಂಟಿ, ಎಷ್ಟು ಗಡ್ಡೆ ತೆಗೆಯಲು ಆಯಿತು, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದಾನೆಯೇ ಇವೆಲ್ಲ ಸೇರಿ ಒಬ್ಬೊಬ್ಬರ ಲೆಕ್ಕ ಬೇರೆಯಾಗುತ್ತದೆ. ಗ್ರೇಡ್ 2ರ ಆಲಿಗೋಡೆಂಡ್ರೋಗ್ಲಿಯೋಮಾ ಇರುವವರು ಗ್ಲಿಯೋಬ್ಲಾಸ್ಟೋಮಾದ ಅಂಕಿ ಓದಿ ನಿದ್ದೆಗೆಡುವುದಂತೂ ಪೂರ್ತಿ ಅನಗತ್ಯ. ಅವರ ಲೆಕ್ಕ ವರ್ಷಗಳದ್ದು, ಎಷ್ಟೋ ಜನರಿಗೆ ದಶಕಕ್ಕೂ ಮೀರಿದ್ದು.

ಚಿಕಿತ್ಸೆಯ ನಂತರದ ಸ್ಕ್ಯಾನುಗಳಲ್ಲಿ ಇನ್ನೊಂದು ಪದ ಎದುರಾಗುತ್ತದೆ: ‘ಸೂಡೋಪ್ರೋಗ್ರೆಶನ್’. ವಿಕಿರಣ ಮತ್ತು ಕಿಮೋ ಮುಗಿದ ಮೊದಲ ಮೂರು ತಿಂಗಳಲ್ಲಿ ಗಡ್ಡೆಯ ಜಾಗ ಮೊದಲಿಗಿಂತ ಹೆಚ್ಚು ಹೊಳೆಯಬಹುದು, ಊತವೂ ಏರಬಹುದು, ಆದರೆ ಗಡ್ಡೆ ಬೆಳೆದಿರುವುದಿಲ್ಲ. ಚಿಕಿತ್ಸೆಯ ಪೆಟ್ಟಿಗೆ ರಕ್ತನಾಳಗಳ ಗೋಡೆ ಸೋರಿದ್ದರಿಂದ ಹಾಗೆ ಕಾಣುತ್ತದೆ. ವಿಕಿರಣದಿಂದ ಅಂಗಾಂಶ ಸಾಯುವ ‘ರೇಡಿಯೇಶನ್ ನೆಕ್ರೋಸಿಸ್’ ಇನ್ನೂ ತಡವಾಗಿ, ತಿಂಗಳುಗಳ ಅಥವಾ ವರ್ಷಗಳ ಮೇಲೆ ಬರುವುದು, ಅದೂ ಗಡ್ಡೆಯನ್ನೇ ಅಣಕಿಸುತ್ತದೆ. ಒಂದು ಸ್ಕ್ಯಾನ್ ನೋಡಿ ಇವನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ರಕ್ತದ ಹರಿವನ್ನು ಅಳೆಯುವ ಪರ್ಫ್ಯೂಶನ್ ಎಂಆರ್‌ಐ, ಕೆಲವೊಮ್ಮೆ ಪೆಟ್ ಸ್ಕ್ಯಾನ್ ನೆರವಿಗೆ ಬರುತ್ತವೆ. ಬಹಳ ಸಲ ಮಾಡುವುದೆಂದರೆ ಕೆಲವು ವಾರ ಕಾದು ಮತ್ತೊಮ್ಮೆ ತೆಗೆಯುವುದು. ಹಾಗೆ ಹೋಲಿಸಲು ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳೊಳಗೆ ತೆಗೆದ ಎಂಆರ್‌ಐ ಬಹಳ ಬೆಲೆಯುಳ್ಳದ್ದು, ಏನು ಉಳಿದಿತ್ತು ಎಂಬುದನ್ನು ಅದು ತೋರಿಸುತ್ತದೆ. ಆಸ್ಪತ್ರೆ ಬದಲಿಸುವವರು ಟೈಪ್ ಮಾಡಿದ ವರದಿಯ ಹಾಳೆಗಳನ್ನಷ್ಟೇ ಫೈಲಿನಲ್ಲಿಟ್ಟು ಒಯ್ಯುತ್ತಾರೆ. ಹೊಸ ವೈದ್ಯರಿಗೆ ಬೇಕಾಗಿರುವುದು ಸಿ.ಡಿ.ಯಲ್ಲಿರುವ ಆ ಚಿತ್ರಗಳು, ಮೊದಲ ಸ್ಕ್ಯಾನ್‌ನಿಂದ ಹಿಡಿದು ಎಲ್ಲವೂ.